ಮೊದಲು ಗುಹೆಗೆ, ಆಮೇಲೆ ಹೆಣದ ಹತ್ತಿರ: ಹೈಸ್ಕೂಲು ಮಕ್ಕಳಿಗೆ ‘ಅಂತಿಗೊನೆ’ ಪಾಠ

‘ದುರಂತ ನಾಟಕ’ ಎಂದು ಬೋರ್ಡಿನ ಮೇಲೆ ಬರೆದ ಕೂಡಲೇ ಮೊದಲ ಎಡವಟ್ಟು ಆಗಿಹೋಗುತ್ತದೆ. ಮಕ್ಕಳು ದಿನಾ ಪೇಪರಿನಲ್ಲಿ, ಟಿವಿಯಲ್ಲಿ ಕಾಣುವ ದುರಂತವೇ ಬೇರೆ. ರೈಲು ದುರಂತ, ದೋಣಿ ದುರಂತ, ಅಗ್ನಿ ದುರಂತ. ಅಲ್ಲಿ ಸತ್ತವರು ಏನನ್ನೂ ಆರಿಸಿಕೊಂಡಿರುವುದಿಲ್ಲ, ಎಲ್ಲಿಂದಲೋ ಬಂದದ್ದು ಬಡಿದಿರುತ್ತದೆ. ಗ್ರೀಕ್ ನಾಟಕಕಾರ ಸೊಫೋಕ್ಲಿಸನ ‘ಅಂತಿಗೊನೆ’ಯಲ್ಲಿ ಹಾಗೆ ಸುಮ್ಮನೆ ಬಂದು ಬಡಿಯುವುದು ಒಂದೂ ಇಲ್ಲ. ಪ್ರತಿ ಸಾವಿನ ಹಿಂದೆಯೂ ಯಾರೋ ಬಾಯಿಬಿಟ್ಟು ಆಡಿದ ಮಾತಿದೆ. ಆ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಲು ಸಿಕ್ಕ ಅವಕಾಶವಿದೆ, ಅದನ್ನು ಕೈಬಿಟ್ಟ ಗಳಿಗೆಯೂ ಇದೆ. ಆ ಗಳಿಗೆಗಳನ್ನು ಮಕ್ಕಳು ತಾವೇ ಹುಡುಕಿ, ಪಠ್ಯದ ಸಾಲಿನ ಮೇಲೆ ಬೆರಳಿಟ್ಟು ‘ಇಲ್ಲಿ ತಪ್ಪಿಸಬಹುದಿತ್ತು’ ಎಂದು ತೋರಿಸುವಂತಾದರೆ ಪಾಠ ನಡೆದಿದೆ ಎಂದರ್ಥ. ಉಳಿದದ್ದೆಲ್ಲ, ಎಂದರೆ ವ್ಯಾಖ್ಯೆಗಳು, ಲಕ್ಷಣಗಳು, ನಾಯಕನ ಗುಣದೋಷಗಳ ಪಟ್ಟಿ, ಅದಾದ ಮೇಲೆ ಬರಲಿ. ಮೊದಲ ವಾರ ‘ರುದ್ರನಾಟಕ’ ಎಂಬ ಮಾತನ್ನೇ ಬಳಸುವುದು ವಾಸಿ. ಅದು ಮಕ್ಕಳಿಗೆ ಹೊಸದು, ಹಾಗಾಗಿ ಹಳೆಯ ಅರ್ಥ ಅಂಟಿಕೊಂಡು ಬರುವುದಿಲ್ಲ.

ನಾಟಕ ಮೊದಲು ಆಡಿದ್ದು ಕ್ರಿ.ಪೂ. 441ರ ಸುಮಾರಿಗೆ, ಅಥೆನ್ಸಿನಲ್ಲಿ. ಗ್ರೀಕ್ ಮೂಲದಲ್ಲಿ ಸುಮಾರು 1350 ಸಾಲು, ಗಟ್ಟಿಯಾಗಿ ಓದಿದರೆ ಒಂದೂವರೆಯಿಂದ ಎರಡು ಗಂಟೆ. ಥೀಬ್ಸ್ ಎಂಬ ಊರಿನ ಗದ್ದುಗೆಗಾಗಿ ಹೊಡೆದಾಡಿ ಅಣ್ಣತಮ್ಮಂದಿರಿಬ್ಬರೂ ಸತ್ತಿದ್ದಾರೆ. ಊರಿನ ಮೇಲೆ ದಂಡೆತ್ತಿ ಬಂದವನ ಹೆಣ ಹೂಳಬಾರದೆಂದು ಹೊಸ ರಾಜ ಕ್ರೆಯಾನ್ ಆಜ್ಞೆ ಮಾಡುತ್ತಾನೆ. ಅವರ ಒಡಹುಟ್ಟಿದ ಅಂತಿಗೊನೆ ಹೆಣಕ್ಕೆ ಮಣ್ಣು ಹಾಕಿ ಸಿಕ್ಕಿಬೀಳುತ್ತಾಳೆ, ಅವಳನ್ನು ಅವನು ಜೀವಂತ ಗುಹೆಗೆ ಹಾಕಿಸುತ್ತಾನೆ. ಕಥೆಯೆಲ್ಲ ಒಂದೇ ದಿನದಲ್ಲಿ, ಒಂದೇ ಅರಮನೆ ಬಾಗಿಲ ಮುಂದೆ ಮುಗಿಯುತ್ತದೆ. ಉಪಕಥೆಗಳ ಗೋಜಿಲ್ಲ. 14ರಿಂದ 16 ವರ್ಷದವರಿಗೆ ಮೊದಲ ರುದ್ರನಾಟಕವಾಗಿ ಇದಕ್ಕಿಂತ ಒಳ್ಳೆಯದನ್ನು ನಾನು ಸೂಚಿಸಲಾರೆ. ಕನ್ನಡದಲ್ಲಿ ಪಿ. ಲಂಕೇಶರ ಅನುವಾದವಿದೆ. ಯಾವ ಅನುವಾದ ಹಿಡಿದರೂ ಇಡೀ ತರಗತಿಯ ಕೈಯಲ್ಲಿ ಒಂದೇ ಪಠ್ಯ ಇರಬೇಕು. ಎರಡು ಅನುವಾದ ಬೆರೆತರೆ ಅರ್ಧ ಪೀರಿಯಡ್ ‘ಸಾರ್, ನಮ್ಮಲ್ಲಿ ಹಾಗಿಲ್ಲ’ ಎನ್ನುವುದರಲ್ಲೇ ಕಳೆಯುತ್ತದೆ.

40 ನಿಮಿಷದ ಪೀರಿಯಡ್ ಆದರೆ 9 ಬೇಕು. ಆರರಲ್ಲಿ ಮುಗಿಸಲು ಹೊರಟರೆ ಕಥಾಸಾರ ಹೇಳಿಬಿಡುವ ಚಪಲ ಹತ್ತುತ್ತದೆ, ಹನ್ನೆರಡಕ್ಕೆ ಎಳೆದರೆ ಬಿಗಿ ಹೋಗುತ್ತದೆ. 9ರಲ್ಲಿ ಇಡೀ ಪಠ್ಯವನ್ನು ಓದಲಾಗದು, ಸುಮಾರು 700 ಸಾಲಿಗೆ ಇಳಿಸಿಕೊಳ್ಳಿ. ಒಂದು ಸಾಲೂ ಬಿಡದೆ ಓದಬೇಕಾದವು: ಅಕ್ಕತಂಗಿಯರ ಮೊದಲ ದೃಶ್ಯ, ಕ್ರೆಯಾನನ ಮೊದಲ ಭಾಷಣ, ಕಾವಲುಗಾರ ಬರುವ ಎರಡೂ ಸಲ, ಕ್ರೆಯಾನ್-ಹೇಮನ್ ಅಪ್ಪ-ಮಗನ ಜಗಳ, ಕುರುಡ ಕಾಲಜ್ಞಾನಿ ಟೈರೀಸಿಯಸನ ದೃಶ್ಯ, ದೂತನ ವರದಿ. ಮೇಳದ, ಎಂದರೆ ಊರಿನ ಹಿರಿಯರಾಗಿ ರಂಗದ ಮೇಲೆ ನಿಂತು ಹಾಡುವ ಗುಂಪಿನ, ಹಾಡುಗಳಲ್ಲಿ ಮನುಷ್ಯನನ್ನು ಕುರಿತ ಮೊದಲ ಹಾಡು ಪೂರ್ತಿ ಇರಲಿ. ದಾನಾಯೆ, ಲೈಕರ್ಗಸ್ ಮೊದಲಾದವರ ಹೆಸರು ಬರುವ ನಾಲ್ಕನೆಯ ಹಾಡನ್ನು ಬಿಡಬಹುದು, ಅಲ್ಲಿ ಪ್ರತಿ ಸಾಲಿಗೂ ಒಂದು ಪುರಾಣ ಬಿಡಿಸಬೇಕಾಗುತ್ತದೆ. ಡಯೊನೈಸಸ್ ದೇವರನ್ನು ಕರೆಯುವ ಕೊನೆಯ ಹಾಡಿನಿಂದ ಆರೇಳು ಸಾಲನ್ನಾದರೂ ಉಳಿಸಿಕೊಳ್ಳಿ. ಕ್ರೆಯಾನ್ ಮನಸ್ಸು ಬದಲಿಸಿ ಹೊರಟ ಖುಷಿಗೆ ಮೇಳ ಕುಣಿಯುವ ಹಾಡು ಅದು, ಮುಗಿದ ಮರುಕ್ಷಣವೇ ಸಾವಿನ ಸುದ್ದಿ ಬರುತ್ತದೆ. ಆ ಸಂತೋಷ ಕಿವಿಗೆ ಬೀಳದಿದ್ದರೆ ಸುದ್ದಿಯ ಪೆಟ್ಟೂ ತಾಗುವುದಿಲ್ಲ.

ಹಿನ್ನೆಲೆಗೆ ಐದು ನಿಮಿಷ ಸಾಕು. ಈಡಿಪಸನ ಇಡೀ ಕಥೆ ಹೇಳಲು ಶುರುಮಾಡಿದರೆ ಪೀರಿಯಡ್ ಅಲ್ಲಿಗೇ ಮುಗಿಯುತ್ತದೆ, ಮಕ್ಕಳ ತಲೆಯಲ್ಲಿ ಉಳಿಯುವುದೂ ಅದೇ. ಬೋರ್ಡಿನ ಮೇಲೆ ವಂಶವೃಕ್ಷ ಬರೆಯಿರಿ. ಈಡಿಪಸ್-ಜೊಕಾಸ್ಟ, ಅವರ ನಾಲ್ಕು ಮಕ್ಕಳು ಎಟಿಯೊಕ್ಲಿಸ್, ಪಾಲಿನೈಸಿಸ್, ಅಂತಿಗೊನೆ, ಇಸ್ಮೆನೆ. ಪಕ್ಕದಲ್ಲಿ ಜೊಕಾಸ್ಟಳ ತಮ್ಮನೋ ಅಣ್ಣನೋ ಆದ ಕ್ರೆಯಾನ್, ಅವನ ಹೆಂಡತಿ ಯೂರಿಡಿಸಿ, ಮಗ ಹೇಮನ್. ಗೆರೆ ಎಳೆದ ಮೇಲೆ ಒಂದೇ ಪ್ರಶ್ನೆ ಕೇಳಿ: ‘ಕ್ರೆಯಾನ್ ಇವರಿಗೆ ಏನಾಗಬೇಕು?’ ‘ಸೋದರಮಾವ’ ಎಂಬ ಉತ್ತರ ಮಕ್ಕಳ ಬಾಯಿಂದಲೇ ಬರುತ್ತದೆ. ಅಂದಮೇಲೆ ಹೂಳಬೇಡಿ ಎಂದು ಬಯಲಲ್ಲಿ ಬಿಸಾಡಿಸಿದ ಆ ಹೆಣ ಅವನ ಸ್ವಂತ ಸೋದರಳಿಯನದು. ಅಂತಿಗೊನೆಯನ್ನು ಮದುವೆಯಾಗಬೇಕಾದ ಹೇಮನ್ ಅವಳಿಗೆ ಸೋದರಮಾವನ ಮಗ. ಸಂಬಂಧಕ್ಕೆ ಹೆಸರು ಹಚ್ಚಿದ ಗಳಿಗೆಯಿಂದ ಕ್ರೆಯಾನ್ ಯಾವುದೋ ದೂರದ ರಾಜನಾಗಿ ಉಳಿಯುವುದಿಲ್ಲ. ಈ ವಂಶವೃಕ್ಷವನ್ನು ಒಂಬತ್ತೂ ದಿನ ಅಳಿಸಬೇಡಿ, ಆಗದಿದ್ದರೆ ದೊಡ್ಡ ಹಾಳೆಯಲ್ಲಿ ಬರೆದು ಗೋಡೆಗೆ ಅಂಟಿಸಿ. ‘ಪಾಲಿನೈಸಿಸ್ ಯಾರು, ಎಟಿಯೊಕ್ಲಿಸ್ ಯಾರು’ ಎಂಬ ಗೊಂದಲ ಕೊನೆಯವರೆಗೂ ಕಾಡುತ್ತದೆ. ಪಾಲಿನೈಸಿಸ್ ಹೆಸರಿಗೆ ಸುತ್ತ ಗೆರೆ ಹಾಕಿ ‘ಹೂಳದವನು’ ಎಂದು ಬರೆದುಬಿಟ್ಟರೆ ಮುಗಿಯಿತು.

ಇನ್ನೊಂದು ಮಾತು. ಸೊಫೋಕ್ಲಿಸನ ಥೀಬ್ಸ್ ನಾಟಕಗಳು ಮೂರು ಭಾಗದ ಒಂದೇ ಸರಣಿ ಎಂದು ಎಷ್ಟೋ ಗೈಡುಗಳು ಬರೆಯುತ್ತವೆ. ಅದು ತಪ್ಪು. ಅವು ಬೇರೆ ಬೇರೆ ಕಾಲದಲ್ಲಿ ಬರೆದವು. ಕಥೆಯಲ್ಲಿ ಕೊನೆಗೆ ಬರುವ ‘ಅಂತಿಗೊನೆ’ಯನ್ನು ಅವನು ಈಡಿಪಸನ ನಾಟಕಕ್ಕಿಂತ ಮೊದಲೇ ಬರೆದ. ಒಂದರ ಕ್ರೆಯಾನನನ್ನು ಇನ್ನೊಂದರ ಕ್ರೆಯಾನನಿಗೆ ಅಂಟಿಸಿ ಪಾತ್ರಚಿತ್ರಣ ಬರೆಸಬೇಡಿ.

ಮೊದಲ ದೃಶ್ಯಕ್ಕೆ ಬರೋಣ. ಬೆಳಕು ಹರಿಯುವ ಮುಂಚೆ, ಬಾಗಿಲ ಹೊರಗೆ, ಇಬ್ಬರೇ. ಅನುವಾದದ ಒಂದು ತೊಡಕು ಇಲ್ಲಿ ಪಾಠಕ್ಕೆ ಸಹಾಯವಾಗಿಯೇ ಬರುತ್ತದೆ. ಗ್ರೀಕಿನಲ್ಲಿ ಅಂತಿಗೊನೆ ಬಾಯಿ ತೆರೆಯುವ ಮೊದಲ ಸಾಲಿನಲ್ಲೇ ಇಸ್ಮೆನೆಯನ್ನು ಕರೆಯುವ ಮಾತಿಗೆ ನಮ್ಮಲ್ಲಿ ಸರಿಯಾಗಿ ಕೂರುವ ಪದ ‘ಒಡಹುಟ್ಟು’. ಅಕ್ಕನೋ ತಂಗಿಯೋ ಅಲ್ಲಿ ಹೇಳಿಲ್ಲ. ನಮಗೆ ಆಡುಮಾತಿನಲ್ಲಿ ಅಕ್ಕ ಅಥವಾ ತಂಗಿ ಎನ್ನದೆ ವಿಧಿಯಿಲ್ಲ. ಹಾಗಾಗಿ ಆ ದೃಶ್ಯದ ಮೊದಲ 20 ಸಾಲನ್ನು ಎರಡು ಸಲ ಓದಿಸಿ, ಒಮ್ಮೆ ಅಂತಿಗೊನೆ ಅಕ್ಕನಾಗಿ, ಒಮ್ಮೆ ತಂಗಿಯಾಗಿ. ಅಕ್ಕನ ಬಾಯಲ್ಲಿ ‘ಬರುತ್ತೀಯೋ ಇಲ್ಲವೋ’ ಎನ್ನುವುದು ಅಪ್ಪಣೆಯಂತೆ ಕೇಳುತ್ತದೆ, ತಂಗಿಯ ಬಾಯಲ್ಲಿ ಸವಾಲಿನಂತೆ. ಯಾವುದು ಸರಿ ಎಂದು ನೀವು ತೀರ್ಪು ಕೊಡಬೇಡಿ. ಓದುವವರ ದನಿಯಲ್ಲಿ ಏನು ಬದಲಾಯಿತು ಎಂಬುದನ್ನಷ್ಟೇ ಉಳಿದವರು ಹೇಳಲಿ.

ಆಮೇಲೆ ಪೆನ್ಸಿಲ್ ಹಿಡಿಯಲಿ. ‘ನಾವು’, ‘ನಮ್ಮಿಬ್ಬರ’ ಎಂಬ ಮಾತುಗಳಿಗೆ ಒಂದು ಗೆರೆ, ‘ನಾನು’, ‘ನೀನು’ ಎಂಬವಕ್ಕೆ ಎರಡು ಗೆರೆ. ಗ್ರೀಕಿನಲ್ಲಿ ಇಬ್ಬರನ್ನು ಮಾತ್ರ ಸೂಚಿಸುವ ದ್ವಿವಚನವಿದೆ. ಶುರುವಿನಲ್ಲಿ ಅಂತಿಗೊನೆ ಅದನ್ನೇ ಬಳಸುತ್ತಾಳೆ, ಇಸ್ಮೆನೆ ‘ಆಗದು’ ಎಂದ ಮೇಲೆ ಬಿಟ್ಟುಬಿಡುತ್ತಾಳೆ. ಒಳ್ಳೆಯ ಅನುವಾದದಲ್ಲಿ ಇದರ ನೆರಳು ಕಾಣುತ್ತದೆ: ಪುಟದ ಮೇಲ್ಭಾಗದಲ್ಲಿ ಒಂಟಿ ಗೆರೆಗಳು, ಕೆಳಗೆ ಜೋಡಿ ಗೆರೆಗಳು. ಸಂಬಂಧ ಒಡೆದದ್ದು ಯಾವ ಸಾಲಿನಲ್ಲಿ ಎಂದು ಮಕ್ಕಳು ಅಳೆದು ತೋರಿಸಬಲ್ಲರು. ಮೊದಲ ‘ತಪ್ಪಿಸಬಹುದಿದ್ದ ಜಾಗ’ವೂ ಇಲ್ಲೇ ಸಿಗುತ್ತದೆ. ಹೋಗಲಿ, ಗುಟ್ಟಾಗಿಯಾದರೂ ಮಾಡು, ನಾನೂ ಬಾಯಿಬಿಡುವುದಿಲ್ಲ ಎನ್ನುತ್ತಾಳೆ ಇಸ್ಮೆನೆ. ಬೇಡ, ಊರಿಗೆಲ್ಲ ಕೂಗಿ ಹೇಳು ಎನ್ನುತ್ತಾಳೆ ಅಂತಿಗೊನೆ. ಈ ಎರಡು ಸಾಲಿನ ಪಕ್ಕದಲ್ಲಿ ನಂಬರ್ 1 ಎಂದು ಬರೆಯಲಿ. ಅಂಚಿನಲ್ಲಿ ಹೀಗೆ ನಂಬರ್ ಹಾಕುತ್ತಾ ಹೋಗುವುದು ಒಂಬತ್ತೂ ದಿನದ ಕೆಲಸ. ಅದಕ್ಕಾಗಿಯೇ ಜೆರಾಕ್ಸ್ ಮಾಡಿಸುವಾಗ ಬಲಗಡೆ ಮೂರು ಬೆರಳಗಲ ಜಾಗ ಬಿಡಿಸಿ.

ಎಲ್ಲಕ್ಕಿಂತ ಹೆಚ್ಚಾಗಿ ಪಾಠ ಕೆಡುವುದು ಕ್ರೆಯಾನನ ಮೊದಲ ಭಾಷಣದಲ್ಲಿ. ಓದುವ ಹುಡುಗ ಮೊದಲ ಪದದಿಂದಲೇ ಖಳನಾಯಕನ ದನಿ ತೆಗೆಯುತ್ತಾನೆ, ತರಗತಿ ನಗುತ್ತದೆ, ನಾಟಕ ಅಲ್ಲಿಗೆ ಮುಗಿಯಿತು. ಆ ಭಾಷಣದಲ್ಲಿ ಇರುವುದೇನು? ಅಧಿಕಾರ ಕೈಗೆ ಬರುವವರೆಗೆ ಮನುಷ್ಯನ ಮನಸ್ಸು ಗೊತ್ತಾಗುವುದಿಲ್ಲ. ನಾಡಿಗಿಂತ ಗೆಳೆಯನನ್ನು ಹೆಚ್ಚು ಎನ್ನುವವನು ಲೆಕ್ಕಕ್ಕಿಲ್ಲ. ನಾಡೆಂಬ ಹಡಗು ನೆಟ್ಟಗಿದ್ದರೆ ತಾನೇ ನಮಗೆ ಗೆಳೆಯರು. ಇದರಲ್ಲಿ ತಪ್ಪು ಹುಡುಕುವುದು ಸುಲಭವಲ್ಲ. ಕ್ರಿ.ಪೂ. 343ರಲ್ಲಿ ಡೆಮಾಸ್ತನಿಸ್ ಎಂಬ ದೊಡ್ಡ ವಾಗ್ಮಿ ಅಥೆನ್ಸಿನ ನ್ಯಾಯಸಭೆಯಲ್ಲಿ ಇದೇ ಸಾಲುಗಳನ್ನು ಓದಿಸಿ, ನಾಡಿಗೆ ನಿಷ್ಠೆ ಎಂದರೆ ಹೀಗಿರಬೇಕು ಎಂದು ಎದುರಾಳಿಯನ್ನು ಚುಚ್ಚಿದ. ಆ ಎದುರಾಳಿ ಹಿಂದೆ ನಟನಾಗಿದ್ದು, ಕ್ರೆಯಾನನ ಪಾತ್ರವನ್ನೇ ಮಾಡಿದ್ದವನು. ಹೂಳಬಾರದೆಂಬ ಆಜ್ಞೆಯೂ ಆ ಕಾಲದವರಿಗೆ ಕೇಳರಿಯದ್ದೇನಲ್ಲ. ದೇಶದ್ರೋಹಿಗಳನ್ನು ಅಥೆನ್ಸಿನ ನೆಲದಲ್ಲಿ ಹೂಳಬಾರದೆಂಬ ಕಾನೂನು ಅಲ್ಲಿಯೇ ಇತ್ತು. ಗಡಿಯಾಚೆ ಹೂಳಲು ಮಾತ್ರ ಅಡ್ಡಿಯಿರಲಿಲ್ಲ. ಕ್ರೆಯಾನ್ ಅದಕ್ಕಿಂತ ಒಂದು ಹೆಜ್ಜೆ ಮುಂದೆ ಹೋಗಿ, ಹೆಣವನ್ನು ನಾಯಿ-ಹದ್ದುಗಳಿಗೆ ಬಿಟ್ಟ. ಆ ಒಂದು ಹೆಜ್ಜೆ ಎಷ್ಟು ಉದ್ದದ್ದು ಎಂಬುದೇ ನಾಟಕದ ಪ್ರಶ್ನೆ.

ಆದ್ದರಿಂದ ಭಾಷಣ ಓದಿಸುವ ಮೊದಲು ಹತ್ತು ನಿಮಿಷದ ಬರವಣಿಗೆ ಕೊಡಿ. ‘ನಿನ್ನೆ ಯುದ್ಧ ಮುಗಿದಿದೆ. ಊರಿನ ಏಳು ಬಾಗಿಲಿಗೂ ಶತ್ರುಗಳು ಮುತ್ತಿದ್ದರು. ಅವರನ್ನು ಕರೆತಂದವನು ನಮ್ಮ ಅರಮನೆಯವನೇ. ಇವತ್ತು ಬೆಳಗ್ಗೆ ನೀವು ಗದ್ದುಗೆ ಏರಿದ್ದೀರಿ. ಊರಿನ ಹಿರಿಯರ ಮುಂದೆ ಎಂಟು ವಾಕ್ಯ ಮಾತಾಡಿ.’ ಬರೆದ ಮೇಲೆ ನಾಲ್ಕೈದು ಮಂದಿ ಓದಲಿ. ಬಹುಪಾಲು ಮಕ್ಕಳು ತಮಗೇ ಗೊತ್ತಿಲ್ಲದೆ ಕ್ರೆಯಾನನಂತೆ ಮಾತಾಡಿರುತ್ತಾರೆ: ಕಟ್ಟುನಿಟ್ಟು, ಶಿಕ್ಷೆ, ದ್ರೋಹಿಗಳಿಗೆ ತಕ್ಕ ಶಾಸ್ತಿ. ಅದಾದ ಮೇಲೆ ಮೂಲ ಭಾಷಣ ಓದಿಸಿ, ದನಿ ಏರಿಸದೆ, ನಿಂತಲ್ಲೇ ನಿಂತು, ಹಿರಿಯರ ಮುಖ ನೋಡುತ್ತಾ. ತಕ್ಷಣ ಕೈ ಎತ್ತಿಸಿ: ಯಾರು ಕ್ರೆಯಾನನ ಕಡೆ, ಯಾರು ಅಂತಿಗೊನೆಯ ಕಡೆ? ಎರಡು ಅಂಕಿಯನ್ನೂ ಬೋರ್ಡಿನ ಮೂಲೆಯಲ್ಲಿ ಬರೆಯಿರಿ. ಇದೇ ಮತವನ್ನು ಅಪ್ಪ-ಮಗನ ಜಗಳದ ನಂತರ ಒಮ್ಮೆ, ನಾಟಕ ಮುಗಿದ ಮೇಲೆ ಒಮ್ಮೆ ತೆಗೆದುಕೊಳ್ಳಿ. ಕೊನೆಯಲ್ಲಿ ಒಂದೇ ಸಲ ಮತ ಹಾಕಿಸಿದರೆ ಎಲ್ಲರ ಕೈಯೂ ಅಂತಿಗೊನೆಯ ಕಡೆಗೇ ಹೋಗುತ್ತದೆ, ಚರ್ಚೆಗೆ ಏನೂ ಉಳಿಯುವುದಿಲ್ಲ. ಮೂರು ಸಲ ತೆಗೆದುಕೊಂಡರೆ ‘ನಿನ್ನ ಮನಸ್ಸು ಯಾವ ಸಾಲಿಗೆ ಬದಲಾಯಿತು’ ಎಂದು ಒಬ್ಬೊಬ್ಬರನ್ನೂ ಕೇಳಬಹುದು.

ಕಾವಲುಗಾರನ ಪಾತ್ರಕ್ಕೆ ತರಗತಿಯ ವಾಚಾಳಿಯನ್ನೇ ಹಿಡಿಯಿರಿ. ಸುದ್ದಿ ಹೇಳುವವರಾರು ಎಂದು ಚೀಟಿ ಎತ್ತಿ, ಸೋತು ಬಂದವನು ಅವನು. ಹಾದಿಯಲ್ಲಿ ನಿಂತು, ತಿರುಗಿ, ಮತ್ತೆ ನಡೆದು ಬಂದದ್ದನ್ನೇ ಹೇಳಿಕೊಳ್ಳುತ್ತಾನೆ. ಮಕ್ಕಳು ಮನಬಿಚ್ಚಿ ನಗಲಿ, ಅಲ್ಲಿ ನಗು ಬೇಕು. ಎರಡನೆಯ ಸಲ ಬಂದಾಗ ಅಂತಿಗೊನೆ ಜೊತೆಗಿದ್ದಾಳೆ. ಗೂಡು ಬರಿದಾದದ್ದನ್ನು ಕಂಡ ಹಕ್ಕಿಯ ಹಾಗೆ ಅವಳು ಚೀರಿದಳು ಎಂದು ವರ್ಣಿಸುವವನೂ ಅವನೇ. ತಾನು ಪಾರಾದದ್ದು ಹಿತ, ತನಗೆ ಬೇಕಾದವರನ್ನು ಸಿಕ್ಕಿಸಿದ್ದು ಕಹಿ ಎನ್ನುತ್ತಾನೆ, ಆದರೂ ತನ್ನ ತಲೆ ಉಳಿಯಿತಲ್ಲ ಎಂದು ಹೋಗಿಬಿಡುತ್ತಾನೆ. ಎರಡು ಸಲವೂ ಒಬ್ಬನೇ ಓದಬೇಕು. ಬೇರೆಯವರಿಗೆ ಕೊಟ್ಟರೆ ಈ ತಿರುವು ಕಾಣುವುದಿಲ್ಲ.

ಮೇಳದ ಓದು ಬೇರೆಯದೇ ಕಸುಬು. ಸೊಫೋಕ್ಲಿಸನ ಮೇಳದಲ್ಲಿ 15 ಮಂದಿ. ನೀವೂ 15 ಮಂದಿಯನ್ನೇ ಆರಿಸಿ, ಐದೈದರ ಮೂರು ಗುಂಪು ಮಾಡಿ, ಒಬ್ಬರನ್ನು ಮುಂದಾಳು ಮಾಡಿ. ಮೊದಲ ಸಲ ಎಲ್ಲರೂ ಒಟ್ಟಿಗೆ ಓದಿದಾಗ ಆಗುವುದು ಒಂದೇ: ಮಗ್ಗಿ ಒಪ್ಪಿಸುವ ರಾಗ. ಪ್ರತಿ ಸಾಲಿನ ಕೊನೆ ಎಳೆಯುತ್ತದೆ, ಅರ್ಥ ಕರಗಿಹೋಗುತ್ತದೆ. ಇದಕ್ಕೆ ಕಾರಣ ಉಸಿರು. ಮಕ್ಕಳು ಸಾಲು ಮುಗಿದಲ್ಲಿ ಉಸಿರೆಳೆಯುತ್ತಾರೆ, ಅರ್ಥ ಮುಗಿದಲ್ಲಿ ಅಲ್ಲ. ಅರ್ಥ ನಿಲ್ಲುವ ಜಾಗಕ್ಕೆಲ್ಲ ಓರೆಗೆರೆ ಹಾಕಿಸಿ, ಅಲ್ಲಿ ಮಾತ್ರ ಉಸಿರು. ಹೊಸ ವಾಕ್ಯದ ಮೊದಲ ಪದವನ್ನು ಮುಂದಾಳು ಒಬ್ಬನೇ ಹೇಳಲಿ, ಗುಂಪು ಎರಡನೆಯ ಪದದಿಂದ ಸೇರಿಕೊಳ್ಳಲಿ. ಎರಡು ಸಲ ಅಭ್ಯಾಸವಾದರೆ ರಾಗ ತಾನಾಗಿ ಬಿಟ್ಟುಹೋಗುತ್ತದೆ. ಯಾರಿಗೇ ಆಗಲಿ, ಓದುವ ಭಾಗವನ್ನು ಹಿಂದಿನ ದಿನವೇ ಕೊಟ್ಟಿರಬೇಕು.

ಆ ಮೊದಲ ಹಾಡು ಶುರುವಾಗುವುದೇ ಅನುವಾದಕರನ್ನು ಕಾಡುವ ಒಂದು ಪದದಿಂದ. ಲೋಕದಲ್ಲಿ ‘ದೆಯ್ನೊಸ್’ ಆದವು ಹಲವಿವೆ, ಮನುಷ್ಯನಷ್ಟು ‘ದೆಯ್ನೊಸ್’ ಯಾವುದೂ ಇಲ್ಲ ಎನ್ನುತ್ತದೆ ಮೇಳ. ಪದದ ಅರ್ಥ ಅದ್ಭುತವೂ ಹೌದು, ಭಯಂಕರವೂ ಹೌದು. ಮುಂದೆ ಪಟ್ಟಿ ಬರುತ್ತದೆ: ಕಡಲು ದಾಟುವವನು, ನೆಲ ಉಳುವವನು, ಹಕ್ಕಿಗೆ ಬಲೆ ಬೀಸುವವನು, ಕುದುರೆ ಪಳಗಿಸುವವನು, ಮಾತು ಕಲಿತವನು, ಎಲ್ಲದಕ್ಕೂ ಉಪಾಯ ಉಳ್ಳವನು, ಸಾವೊಂದಕ್ಕೆ ಬಿಟ್ಟು. ಎರಡೂ ಅರ್ಥ ಹೊರುವ ಒಂದು ಕನ್ನಡ ಪದ ಹುಡುಕಿ ಎಂದು ಐದು ನಿಮಿಷ ಬಿಡಿ. ‘ಉಗ್ರ’, ‘ಅಸಾಮಾನ್ಯ’, ‘ಘೋರ’ ಎಲ್ಲ ಬರುತ್ತವೆ, ಒಂದೊಂದರಲ್ಲೂ ಅರ್ಧ ತಪ್ಪಿಹೋಗುತ್ತದೆ. ‘ರುದ್ರರಮಣೀಯ’ ಎಂಬ ಮಾತು ನಮ್ಮಲ್ಲಿದೆ ಎಂದು ಯಾರಾದರೂ ನೆನಪಿಸಿದರೆ, ಅಥವಾ ನೀವೇ ನೆನಪಿಸಿದರೆ, ‘ರುದ್ರನಾಟಕ’ ಎಂಬ ಹೆಸರಿಗೂ ಆ ಹೊತ್ತಿಗೆ ಮೈ ಬರುತ್ತದೆ.

ಅಪ್ಪ-ಮಗನ ದೃಶ್ಯಕ್ಕೆ ಒಂದು ಇಡೀ ಪೀರಿಯಡ್ ಕೊಡಿ, ಸಾಧ್ಯವಾದರೆ ಒಂದೂವರೆ. ನಾಟಕದ ಕೀಲು ಇರುವುದು ಇಲ್ಲಿ ಎಂದು ನನ್ನ ಎಣಿಕೆ. ಹೇಮನ್ ಬಂದವನೇ ಆಡುವ ಮೊದಲ ಮಾತು ‘ಅಪ್ಪಾ, ನಾನು ನಿನ್ನವನು’ ಎಂಬಂಥದು. ಪ್ರೀತಿಸಿದ ಹುಡುಗಿಗಾಗಿ ಕೂಗಾಡಲು ಬಂದವನಲ್ಲ. ಅಂತಿಗೊನೆಯೂ ಹೇಮನನೂ ಇಡೀ ನಾಟಕದಲ್ಲಿ ಒಮ್ಮೆಯೂ ಒಟ್ಟಿಗೆ ರಂಗದ ಮೇಲೆ ಬರುವುದಿಲ್ಲ, ಇದನ್ನು ಮಕ್ಕಳಿಗೆ ಹೇಳಿ. ಮೂರೇ ನಟರು ಮುಖವಾಡ ಬದಲಿಸಿ ಎಲ್ಲ ಪಾತ್ರ ಮಾಡುತ್ತಿದ್ದ ಆ ರಂಗದಲ್ಲಿ ಒಬ್ಬನೇ ನಟ ಅವರಿಬ್ಬರನ್ನೂ ಆಡಬಹುದಿತ್ತು. ಹೇಮನ್ ವಾದ ಮಾಡುವುದು ಅಪ್ಪನ ಒಳಿತಿಗಾಗಿ, ಊರಿನವರು ಕತ್ತಲಲ್ಲಿ ಪಿಸುಗುಟ್ಟುವುದನ್ನು ಅಪ್ಪನ ಕಿವಿಗೆ ಮುಟ್ಟಿಸಲು.

ಅವನು ಕೊಡುವ ಹೋಲಿಕೆಗಳನ್ನು ಹತ್ತಿರದಿಂದ ನೋಡಿ. ಹೊಳೆ ಉಕ್ಕಿದಾಗ ಬಾಗುವ ಮರ ರೆಂಬೆ ಉಳಿಸಿಕೊಳ್ಳುತ್ತದೆ, ಸೆಟೆದು ನಿಂತದ್ದು ಬೇರು ಸಮೇತ ಹೋಗುತ್ತದೆ. ಹಾಯಿಯ ಹಗ್ಗ ಸಡಿಲಿಸದ ನಾವಿಕ ದೋಣಿಯನ್ನು ಬೋರಲು ಹಾಕಿಕೊಳ್ಳುತ್ತಾನೆ. ಈಗ ಮಕ್ಕಳನ್ನು ಹಿಂದಿನ ದೃಶ್ಯಕ್ಕೆ ತಿರುಗಿಸಿ, ಅಂತಿಗೊನೆಯ ಮುಂದೆ ಕ್ರೆಯಾನ್ ಆಡಿದ ಮಾತನ್ನು ಹುಡುಕಿಸಿ: ಅತಿ ಗಟ್ಟಿ ಮನಸ್ಸೇ ಮೊದಲು ಬೀಳುವುದು, ಬೆಂಕಿಯಲ್ಲಿ ಕಾಯಿಸಿ ಗಡುಸು ಮಾಡಿದ ಕಬ್ಬಿಣವೇ ಚೂರಾಗುವುದು, ಸಣ್ಣ ಕಡಿವಾಣಕ್ಕೆ ಕುದುರೆ ಬಗ್ಗುವುದು. ಎರಡು ಭಾಗವನ್ನೂ ಅಕ್ಕಪಕ್ಕ ಬರೆಸಿ, ಕೆಳಗೆ ಪ್ರಶ್ನೆ ಹಾಕಿ: ಇಬ್ಬರೂ ಹೇಳುತ್ತಿರುವುದು ಒಂದೇ ಮಾತಲ್ಲವೇ? ಸೆಟೆದದ್ದು ಮುರಿಯುತ್ತದೆ ಎಂಬುದು ಕ್ರೆಯಾನನಿಗೆ ಗೊತ್ತಿಲ್ಲದ ಸತ್ಯವಲ್ಲ. ಅವನೇ ಹೇಳಿದ್ದಾನೆ, ಇನ್ನೊಬ್ಬರ ಬಗ್ಗೆ. ಇದನ್ನು ಕಂಡುಹಿಡಿದ ಮಗುವಿಗೆ ಪಾತ್ರಚಿತ್ರಣದ ನೋಟ್ಸ್ ಬೇಕಾಗುವುದಿಲ್ಲ.

ಆಮೇಲೆ ಬರುವ ಒಂದೊಂದು ಸಾಲಿನ ಮಾತಿನ ಚಕಮಕಿಯನ್ನು ನಿಲ್ಲಿಸಿ ಓದಿಸಬೇಕು. ಇಬ್ಬರನ್ನು ಹತ್ತು ಹೆಜ್ಜೆ ದೂರ ನಿಲ್ಲಿಸಿ. ತನ್ನ ಸಾಲು ಹೇಳಿದವನು, ಎದುರಿನವನ ಮೇಲೆ ಒತ್ತಡ ಹಾಕಿದ್ದೇನೆ ಅನ್ನಿಸಿದರೆ ಒಂದು ಹೆಜ್ಜೆ ಮುಂದೆ, ನೊಂದೆ ಅನ್ನಿಸಿದರೆ ಒಂದು ಹೆಜ್ಜೆ ಹಿಂದೆ ಇಡಲಿ. ಇಲ್ಲಿ ಆಗುವ ತಪ್ಪು, ಮೊದಲ ಸಾಲಿಗೇ ಕಿರುಚಾಟ. ಹತ್ತನೆಯ ಸಾಲಿಗೆ ಏರಲು ಮೆಟ್ಟಿಲೇ ಉಳಿದಿರುವುದಿಲ್ಲ. ಅದಕ್ಕೆ ಮೊದಲ ಓದು ಪಿಸುದನಿಯಲ್ಲಿ ಆಗಲಿ, ಪಕ್ಕದ ಕೋಣೆಯಲ್ಲಿ ಯಾರೋ ಮಲಗಿದ್ದಾರೆ ಎಂಬಂತೆ. ‘ಒಬ್ಬನ ಸ್ವತ್ತಾದ ಊರು ಊರೇ ಅಲ್ಲ’ ಎಂದು ಹೇಮನ್ ಹೇಳುವ ಸಾಲು ಪಿಸುದನಿಯಲ್ಲಿ ಎಷ್ಟು ಚೂಪಾಗಿ ನಾಟುತ್ತದೆ ಎಂಬುದನ್ನು ಒಮ್ಮೆ ಕೇಳಿದವರು ಮತ್ತೆ ಕೂಗಲು ಹೋಗುವುದಿಲ್ಲ.

ಅಂತಿಗೊನೆಯನ್ನು ಗುಹೆಗೆ ಕರೆದೊಯ್ಯುವ ಭಾಗದಲ್ಲಿ ಒಂದು ಭಾಷಣ ಎಲ್ಲರನ್ನೂ ಗಲಿಬಿಲಿಗೊಳಿಸುತ್ತದೆ. ಗಂಡನೋ ಮಗುವೋ ಆಗಿದ್ದರೆ ಇಷ್ಟು ಮಾಡುತ್ತಿರಲಿಲ್ಲ, ಅವರು ಮತ್ತೆ ಸಿಕ್ಕಾರು, ಅಪ್ಪ-ಅಮ್ಮ ಸತ್ತ ಮೇಲೆ ಒಡಹುಟ್ಟಿದವನು ಮತ್ತೆ ಹುಟ್ಟಲಾರ ಎಂಬ ವಾದ. ಇದು ಯಾರೋ ಸೇರಿಸಿದ್ದೆಂದು ಪಂಡಿತರು ಸಾಬೀತು ಮಾಡಿದರೆ ಚೆನ್ನ ಎಂದು ಜರ್ಮನ್ ಕವಿ ಗಯಟೆ ಹಾರೈಸಿದ್ದ. ಆದರೆ ಅರಿಸ್ಟಾಟಲನ ಕಾಲಕ್ಕಾಗಲೇ ಅದು ನಾಟಕದಲ್ಲಿತ್ತು, ಅವನೇ ಅದನ್ನು ಉದಾಹರಿಸುತ್ತಾನೆ. ಪಾಠಕ್ಕೆ ತೊಡಕೆಂದು ಇದನ್ನು ಕತ್ತರಿಸಬೇಡಿ. ಅಂತಿಗೊನೆಯನ್ನು ಗೋಡೆಯ ಮೇಲಿನ ಪಟ ಮಾಡಿಕೊಂಡಿದ್ದ ಮಕ್ಕಳು ಮೊದಲ ಸಲ ಅವಳೊಂದಿಗೆ ಜಗಳಕ್ಕೆ ಬೀಳುವುದು ಇಲ್ಲಿ. ಇನ್ನೊಂದು ಲೆಕ್ಕವನ್ನೂ ಮಾಡಿಸಿ. ಗ್ರೀಕ್ ಮೂಲದ 943ನೆಯ ಸಾಲಿನ ಹೊತ್ತಿಗೆ ಅವಳು ರಂಗ ಬಿಡುತ್ತಾಳೆ, ಇನ್ನೂ 400 ಸಾಲು ಬಾಕಿ. ಹೆಸರು ಅವಳದು, ಕೊನೆಯವರೆಗೆ ನಿಲ್ಲುವವನು ಕ್ರೆಯಾನ್. ಹಾಗಾದರೆ ರುದ್ರನಾಟಕ ಯಾರದು?

ಈ ಹಂತಕ್ಕೆ ಬರುವ ಮೊದಲೇ ಮಾಡಿರಬೇಕಾದ ಒಂದು ಕೆಲಸವಿದೆ, ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ನಾಟಕದಲ್ಲಿ ಮೂವರು ತಮ್ಮ ಜೀವ ತಾವೇ ತೆಗೆದುಕೊಳ್ಳುತ್ತಾರೆ. ಹರೆಯದ ಮಕ್ಕಳ ಮುಂದೆ ಓದುತ್ತಿದ್ದೀರಿ. ಮೊದಲ ದಿನವೇ ಇದನ್ನು ಸರಳವಾಗಿ ಹೇಳಿಬಿಡಿ, ಅಚ್ಚರಿಗೆಂದು ಬಚ್ಚಿಡಬೇಡಿ. ಗ್ರೀಕ್ ಪ್ರೇಕ್ಷಕರಿಗೂ ಕಥೆ ಮೊದಲೇ ಗೊತ್ತಿತ್ತು. ಮನೆಯಲ್ಲಿ ಇತ್ತೀಚೆಗೆ ಸಾವು ಕಂಡವರಿದ್ದರೆ ಅವರೊಂದಿಗೆ ಮೊದಲೇ ಒಬ್ಬೊಬ್ಬರಾಗಿ ಮಾತಾಡಿ, ಆ ಪೀರಿಯಡ್ಡಿನಲ್ಲಿ ಎದ್ದುಹೋಗುವ ಅವಕಾಶವಿರಲಿ. ಶಾಲೆಯಲ್ಲಿ ಆಪ್ತಸಮಾಲೋಚಕರಿದ್ದರೆ ಯಾವ ವಾರ ಈ ಭಾಗ ಬರುತ್ತದೆಂದು ತಿಳಿಸಿ. ‘ಪ್ರೀತಿಗಾಗಿ ಪ್ರಾಣ ಕೊಟ್ಟ’ ಎಂಬಂಥ ಮಾತು ನಿಮ್ಮ ಬಾಯಿಂದ ಬರದಿರಲಿ. ಸಾಯುವುದನ್ನು ಅಭಿನಯಿಸಿ ತೋರಿಸುವುದೂ ಬೇಡ, ಮೂಲದಲ್ಲೇ ಅದು ರಂಗದ ಮೇಲೆ ನಡೆಯುವುದಿಲ್ಲ. ‘ಅಂತಿಗೊನೆ ಬರೆದ ಕೊನೆಯ ಪತ್ರ’ ಎಂಬ ಹೋಂವರ್ಕ್ ಬಹಳ ಕಡೆ ಚಾಲ್ತಿಯಲ್ಲಿದೆ, ದಯವಿಟ್ಟು ಕೊಡಬೇಡಿ. ಸಾಯಲು ಹೊರಟವರ ಮನಸ್ಸನ್ನು ಒಳಗಿನಿಂದ ಕಲ್ಪಿಸಿಕೊಂಡು ಬರೆ ಎಂದು ಮಗುವಿಗೆ ಹೇಳಿದಂತಾಗುತ್ತದೆ ಅದು. ಉಳಿದವರ ಕಡೆಯಿಂದ ಬರೆಸಿ: ಕಾವಲುಗಾರ, ಮೇಳದ ಹಿರಿಯ, ಇಸ್ಮೆನೆ.

ಟೈರೀಸಿಯಸ್ ಬಂದಾಗ ಅಂಚಿನ ನಂಬರುಗಳು ಆರಕ್ಕೆ ಮುಟ್ಟಿರುತ್ತವೆ. ಕುರುಡ ಮುದುಕ, ಕೈಹಿಡಿದು ತರುವ ಹುಡುಗ. ಅವನ ಮಾತಿನ ತಿರುಳು ಇಷ್ಟು: ತಪ್ಪುವುದು ಮನುಷ್ಯರೆಲ್ಲರಿಗೂ ಸಹಜ, ತಪ್ಪಿದವನು ಸೆಟೆದು ಕೂರದೆ ತಿದ್ದಿಕೊಂಡರೆ ಅವನು ಬುದ್ಧಿಗೇಡಿಯೂ ಅಲ್ಲ, ನತದೃಷ್ಟನೂ ಅಲ್ಲ. ಇಲ್ಲಿ ‘ತಪ್ಪು’ವುದಕ್ಕೆ ಬರುವ ಗ್ರೀಕ್ ಕ್ರಿಯಾಪದದ ನೆಂಟನೇ ಅರಿಸ್ಟಾಟಲ್ ಮುಂದೆ ಬಳಸಿದ ‘ಹಮಾರ್ಟಿಯ’. ಗುರಿ ತಪ್ಪುವುದು, ಎಡವುವುದು ಅದರ ಮೂಲಾರ್ಥ. ಗೈಡುಗಳಲ್ಲಿ ಅದು ‘ನಾಯಕನ ಸ್ವಭಾವದೋಷ’ ಆಗಿ, ಅದಕ್ಕೆ ಎದುರಾಗಿ ‘ಅಹಂಕಾರ’ ಎಂದು ಬಿದ್ದಿರುತ್ತದೆ. ಸ್ವಭಾವದೋಷ ಎಂದರೆ ಮಕ್ಕಳು ‘ಅವನಿರುವುದೇ ಹಾಗೆ’ ಎಂದು ಕೈತೊಳೆದುಕೊಳ್ಳುತ್ತಾರೆ. ಎಡವಿದ ಎಂದರೆ ‘ಎಲ್ಲಿ?’ ಎಂದು ಕೇಳುತ್ತಾರೆ. ಪಾರಿಭಾಷಿಕ ಪದವನ್ನು ಈ ಸಾಲಿನ ಹತ್ತಿರವೇ, ಎಂದರೆ ಏಳನೆಯ ಪೀರಿಯಡ್ಡಿನಲ್ಲಿ ಪರಿಚಯಿಸಿ. ಕಾವಲುಗಾರನನ್ನೂ ಈ ಮುದುಕನನ್ನೂ ಕ್ರೆಯಾನ್ ಒಂದೇ ಮಾತಿನಿಂದ ಹೊಡೆಯುತ್ತಾನೆ, ದುಡ್ಡು ತಿಂದಿದ್ದೀಯ ಎಂದು. ಆ ಎರಡು ಜಾಗಕ್ಕೂ ಒಂದೇ ಗುರುತು ಹಾಕಿಸಿ.

ಕೊನೆಗೂ ಅವನು ಬಗ್ಗುತ್ತಾನೆ. ಏನು ಮಾಡಲಿ, ಹೇಳಿ, ಕೇಳುತ್ತೇನೆ ಎನ್ನುತ್ತಾನೆ. ಮೇಳದ ಮುಂದಾಳಿನ ಉತ್ತರ ಸ್ಪಷ್ಟ: ಹೋಗಿ ಗುಹೆಯಿಂದ ಹುಡುಗಿಯನ್ನು ಬಿಡಿಸು, ಬಯಲಲ್ಲಿ ಬಿದ್ದವನಿಗೆ ಸಮಾಧಿ ಮಾಡು. ಇದನ್ನು ಬೋರ್ಡಿನ ಎಡಗಡೆ 1, 2 ಎಂದು ಬರೆಯಿರಿ, ಏನನ್ನೂ ವಿವರಿಸಬೇಡಿ. ಮುಂದಿನ ಪೀರಿಯಡ್ಡಿನಲ್ಲಿ ದೂತನ ವರದಿ ಬರುತ್ತದೆ. ಓದುವವರು ಒಬ್ಬರೇ, ಅಭಿನಯವಿಲ್ಲ, ಉಳಿದವರ ಕಣ್ಣು ಮುಚ್ಚಿರಲಿ. ಯೂರಿಡಿಸಿಯಾಗಿ ಒಬ್ಬ ಹುಡುಗಿ ಬಾಗಿಲ ಬಳಿ ನಿಂತಿರಲಿ. ಅವಳಿಗೆ ನಾಟಕದಲ್ಲಿ ಇರುವುದು ಒಂಬತ್ತೇ ಸಾಲು, ವರದಿ ಕೇಳಿದ ಮೇಲೆ ಒಂದು ಮಾತೂ ಆಡದೆ ಒಳಗೆ ಹೋಗುತ್ತಾಳೆ. ಅವಳು ತಿರುಗಿ ಹೋದ ಮೇಲೆ ಮನಸ್ಸಿನಲ್ಲೇ ಐದರವರೆಗೆ ಎಣಿಸಿ, ಆಮೇಲೆ ಮುಂದಿನ ಸಾಲು.

ಓದು ಮುಗಿದ ಮೇಲೆ ಬೋರ್ಡಿನ ಬಲಗಡೆಗೆ ಬನ್ನಿ. ‘ಕ್ರೆಯಾನ್ ಮಾಡಿದ್ದನ್ನು ಮಾಡಿದ ಕ್ರಮದಲ್ಲೇ ಹೇಳಿ.’ ಮೊದಲು ಹೆಣ ಬಿದ್ದಿದ್ದ ಬಯಲಿಗೆ ಹೋದರು. ದೇವರನ್ನು ಬೇಡಿದರು. ಹೆಣವನ್ನು ತೊಳೆದರು. ಹಸಿ ರೆಂಬೆ ಕಡಿದು ತಂದು ಸುಟ್ಟರು. ಮಣ್ಣು ಎತ್ತರಕ್ಕೆ ಪೇರಿಸಿ ಗುಡ್ಡೆ ಕಟ್ಟಿದರು. ಆಮೇಲೆ ಗುಹೆಯ ಕಡೆ ನಡೆದರು. ಎಡಗಡೆಯ 1, 2 ಬಲಗಡೆ 2, 1 ಆಗಿದೆ. ಇದನ್ನು ನೀವು ಹೇಳಬೇಡಿ, ಯಾರಾದರೂ ಕಾಣುವವರೆಗೆ ಕಾಯಿರಿ. ಎಷ್ಟೇ ಮಂದ ತರಗತಿಯಾದರೂ ಒಬ್ಬರಿಗಾದರೂ ಕಾಣುತ್ತದೆ, ಕಂಡ ಗಳಿಗೆ ಇಡೀ ಕೋಣೆ ಸ್ತಬ್ಧವಾಗುತ್ತದೆ. ಚಿತೆ ಉರಿದು ತಣಿಯುವಷ್ಟು ಹೊತ್ತು ಅಲ್ಲಿ ಕಳೆದಿದೆ. ‘ಕಟ್ಟಿದವನು ನಾನೇ, ಬಿಡಿಸುವವನೂ ನಾನೇ’ ಎಂದು ಹೇಳಿ ಹೊರಟವನು ಅವನು.

‘ಮೊದಲು ಗುಹೆಗೆ ಹೋಗಿದ್ದರೆ ಅವಳು ಬದುಕುತ್ತಿದ್ದಳು’ ಎಂದು ಮಕ್ಕಳು ಬರೆದುಬಿಡುತ್ತಾರೆ. ಅಲ್ಲಿ ಕೈ ಹಿಡಿದು ನಿಲ್ಲಿಸಿ. ಅವಳು ಯಾವಾಗ ಸತ್ತಳೆಂದು ಪಠ್ಯ ಹೇಳುವುದಿಲ್ಲ. ಅವನು ಕ್ರಮ ಏಕೆ ಬದಲಿಸಿದ ಎಂದೂ ಹೇಳುವುದಿಲ್ಲ. ಪಠ್ಯದಲ್ಲಿ ಇರುವ ಸುಳಿವುಗಳಿಂದ ವಾದ ಕಟ್ಟಲಿ. ಟೈರೀಸಿಯಸ್ ಹೆದರಿಸಿದ್ದು ಹೆಣದಿಂದ ದೇವಪೀಠಗಳು ಮೈಲಿಗೆಯಾದವೆಂದು, ಹಾಗಾಗಿ ಕ್ರೆಯಾನ್ ಊರಿಗೆ ತಟ್ಟಿದ್ದನ್ನು ಮೊದಲು ಸರಿಮಾಡಲು ಹೋಗಿರಬಹುದು. ಆಪ್ತರಿಗಿಂತ ನಾಡು ಮೊದಲು ಎಂದ ಆ ಮೊದಲ ಭಾಷಣಕ್ಕೆ ಬಗ್ಗಿದ ಮೇಲೂ ಅವನು ನಿಷ್ಠನಾಗಿಯೇ ಇದ್ದ ಎಂದು ನನಗನ್ನಿಸುತ್ತದೆ. ಮಕ್ಕಳಿಗೆ ಬೇರೆ ಅನ್ನಿಸಿದರೆ ಸಾಲು ತೋರಿಸಿ ವಾದಿಸಲಿ.

ಪರೀಕ್ಷೆಗೆ ‘ಕ್ರೆಯಾನನ ಪಾತ್ರಚಿತ್ರಣ ಮಾಡಿ’ ಎಂದು ಕೇಳಿದರೆ ಗೈಡಿನ ಪ್ಯಾರಾ ವಾಪಸ್ ಬರುತ್ತದೆ. ‘ಸಂದರ್ಭ ಸಹಿತ ಸ್ವಾರಸ್ಯ’ದ ಪ್ರಶ್ನೆಯೇ ಇದಕ್ಕಿಂತ ಎಷ್ಟೋ ಮೇಲು, ಅದಕ್ಕೆ ಒಂದು ಕೊಂಡಿ ಸೇರಿಸಿದರೆ ಸಾಕು: ‘ಈ ಮಾತು ಆಡುವ ಹೊತ್ತಿಗೆ ಆಡಿದವರಿಗೆ ಏನು ಗೊತ್ತಿತ್ತು, ಏನು ಗೊತ್ತಿರಲಿಲ್ಲ?’ ದೊಡ್ಡ ಪ್ರಶ್ನೆಗೆ ಅಂಚಿನ ನಂಬರುಗಳಲ್ಲಿ ಒಂದನ್ನು ಆರಿಸಿ, ಎರಡು ಸಾಲು ಉದ್ಧರಿಸಿ, 250 ಪದಗಳಲ್ಲಿ ವಾದಿಸಲಿ. 10 ಅಂಕದಲ್ಲಿ ಸಾಲುಗಳ ಆಯ್ಕೆಗೆ 4, ವಾದಕ್ಕೆ 4, ಭಾಷೆಗೆ 2. ಮೇಳದ ಕೊನೆಯ ನುಡಿಯನ್ನು ಬೋರ್ಡಿನ ಮೇಲೆ ಬರೆದು ‘ಇದೇ ನೀತಿ’ ಎಂದು ಮಾತ್ರ ಮುಗಿಸಬೇಡಿ. ಆ ಹಿರಿಯರು ಇಡೀ ದಿನ ಅರಮನೆ ಮುಂದೆ ನಿಂತು ಹೂಂಗುಟ್ಟಿದವರು, ಅವರ ಮಾತನ್ನೂ ಮಕ್ಕಳು ತೂಗಿ ನೋಡಲಿ.

ಮೂರನೆಯ ಮತ ತೆಗೆದುಕೊಂಡ ಮೇಲೆ ಹತ್ತು ನಿಮಿಷ ಉಳಿದಿದ್ದರೆ ವಂಶವೃಕ್ಷದ ಹತ್ತಿರ ಹೋಗಿ, ಸತ್ತವರ ಹೆಸರಿನ ಮೇಲೆ ಗೆರೆ ಎಳೆಯಲು ಮಕ್ಕಳನ್ನೇ ಕರೆಯಿರಿ. ಕ್ರೆಯಾನನ ಹೊರತು ಗೆರೆ ಬೀಳದ ಇನ್ನೊಂದು ಹೆಸರು ಉಳಿಯುತ್ತದೆ. ಇಸ್ಮೆನೆಯನ್ನು ಅರಮನೆಯೊಳಗೆ ಕರೆದೊಯ್ದದ್ದು ನಾಟಕದ ಅರ್ಧಕ್ಕೂ ಮೊದಲು. ಅವಳನ್ನು ಕೊಲ್ಲುವುದಿಲ್ಲ ಎಂದು ಕ್ರೆಯಾನ್ ಒಂದು ಸಾಲಿನಲ್ಲಿ ಹೇಳುತ್ತಾನೆ. ಗುಹೆಗೆ ಹೋಗುವಾಗ ಅಂತಿಗೊನೆ ರಾಜಮನೆತನದಲ್ಲಿ ಉಳಿದ ಕೊನೆಯವಳು ತಾನೇ ಎನ್ನುತ್ತಾಳೆ, ತಂಗಿಯೋ ಅಕ್ಕನೋ ಇದ್ದಾಳೆಂಬುದನ್ನೇ ಮರೆತವಳಂತೆ. ಅದಾದ ಮೇಲೆ ಇಸ್ಮೆನೆಯ ಹೆಸರನ್ನು ಯಾರೂ ಎತ್ತುವುದಿಲ್ಲ. ಹೋಂವರ್ಕ್ ಒಂದು ಪುಟ: ಆ ಸಂಜೆ ಕ್ರೆಯಾನನನ್ನು ಒಳಗೆ ಕರೆದುಕೊಂಡು ಬಂದಾಗ ಇಸ್ಮೆನೆ ಎಲ್ಲಿ ನಿಂತಿದ್ದಳು, ಬೆಳಗಿನಿಂದ ಅವಳ ಕಿವಿಗೆ ಏನೇನು ಬಿದ್ದಿತ್ತು? ಪಠ್ಯ ಒಪ್ಪುವಷ್ಟನ್ನು ಮಾತ್ರ ಬರೆಯಬೇಕು.